ಜೋತುಬಿದ್ದ ಚಕ್ರದ ಅಳತೆ

ಶಹಾಪುರದ ಮೆಕ್ಯಾನಿಕ್ ಸರದಾರಸಾಬ ಮೂರು ವರ್ಷ ಯಾವ ಜೀಪನ್ನೂ ಎತ್ತರಿಸಿರಲಿಲ್ಲ. ಕರಿಮಣ್ಣಿನಲ್ಲಿ ಹೂತುಹೋಗದಂತೆ ಜೀಪು ಎತ್ತರಿಸಿಕೊಡಿ ಎಂದು ಬಂದವರಿಗೆ, ಕಣ್ಣು ಮಂಜಾಗಿದೆ ಎನ್ನುತ್ತಿದ್ದರು. ಅವರ ಕಣ್ಣು ಚೆನ್ನಾಗಿಯೇ ಇತ್ತು.

ಕಳೆದ ಶ್ರಾವಣದ ಒಂದು ಬೆಳಿಗ್ಗೆ ದೋರನಹಳ್ಳಿಯ ದಾನೇಶ್ವರಿ ಟ್ರ್ಯಾಕ್ಟರಿಗೆ ಕಟ್ಟಿ ಒಂದು ಜೀಪು ಎಳೆಸಿಕೊಂಡು ಬಂದರು. ಸರದಾರಸಾಬ ಆ ಜೀಪನ್ನು ದೂರದಿಂದಲೇ ಗುರುತಿಸಿದರು.

“ಯಾಕ್ರಿ ಸರದಾರಣ್ಣ, ದೆವ್ವ ಕಂಡಂಗ ನಿಂತೀರಿ? ನಿಮ್ಮ ಕೈಯಾಗ ಎದ್ದು ನಿಂತ ಗಾಡಿ ಇದು,” ಎಂದರು ದಾನೇಶ್ವರಿ.

ಅದು ದಾನೇಶ್ವರಿಯ ಗಂಡ ಭೀಮಾಶಂಕರ ಹೊಲಗಳಿಗೆ ಪಂಪ್‌ಸೆಟ್ ಸಾಗಿಸುತ್ತಿದ್ದ ಜೀಪು. ಸರದಾರಸಾಬ ಅದರ ಸ್ಪ್ರಿಂಗಿಗೆ ಹೆಚ್ಚುವರಿ ಪಾಟಾ, ಅಂದರೆ ಉಕ್ಕಿನ ಪಟ್ಟಿ, ಕೂಡಿಸಿ ನಾಲ್ಕು ಇಂಚು ಎತ್ತರಿಸಿದ್ದರು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಶಾಫ್ಟನ್ನು ಬದಲಿಸಿರಲಿಲ್ಲ. ಒಂದರೊಳಗೊಂದು ಜಾರುವ ಎರಡು ತುಂಡುಗಳ ಶಾಫ್ಟು ಅದು. ಜೀಪು ನೆಲದ ಮೇಲೆ ನಿಂತಿದ್ದಾಗಲೇ ಅಳೆದು, ಉದ್ದ ಸಾಕೆಂದಿದ್ದರು. ಚಕ್ರ ತಗ್ಗಿಗೆ ಜೋತುಬಿದ್ದಾಗ ಎಷ್ಟು ಬೇಕೆಂದು ನೋಡಿರಲಿಲ್ಲ. ಇಪ್ಪತ್ತು ವರ್ಷ ಅಳೆದದ್ದೇ ಹಾಗೆ.

ಮೂರು ವರ್ಷದ ಹಿಂದೊಂದು ದಿನ ಕಾಲುವೆ ಏರಿಯ ಮೇಲೆ ಹಿಂದಿನ ಚಕ್ರ ತಗ್ಗಿಗಿಳಿದು ಶಾಫ್ಟಿನ ತುಂಡುಗಳು ಕಳಚಿಕೊಂಡವು. ತೊಯ್ದ ಮಣ್ಣಿನಲ್ಲಿ ಬ್ರೇಕು ಹಿಡಿಯದೆ ಜೀಪು ಹಿಂದಕ್ಕೆ ಜಾರಿ ನೀರಿಗೆ ಬಿತ್ತು. ಭೀಮಾಶಂಕರ ಬದುಕಲಿಲ್ಲ. ಏರಿ ಕುಸಿಯಿತೆಂದು ಊರು ನಂಬಿತು. ಮೇಲೆತ್ತಿದ ಜೀಪಿನ ಕೆಳಗೆ ಬಗ್ಗಿ, ಕಳಚಿದ ಶಾಫ್ಟು ಕಂಡ ಸರದಾರಸಾಬ ಯಾರಿಗೂ ಹೇಳದೆ ಮನೆಗೆ ಬಂದರು. ಅಂದಿನಿಂದ ಕಬ್ಬಿಣ ಕಳಚುವ ಸದ್ದು ಅವರಿಗೆ ನಮಾಜಿನ ಸಾಲಿನಲ್ಲೂ ಕೇಳುತ್ತದೆ.

“ಮತ್ತ ಪಂಪ್ ಹೇರಬೇಕಂತ ಮಾಡೀನಿ,” ಎಂದರು ದಾನೇಶ್ವರಿ. “ಹಿಂದಿನ ಓಣ್ಯಾಗಿನ ಮೆಕ್ಯಾನಿಕ್ ಹಳೇ ಶಾಫ್ಟಿಗೇ ತುಂಡು ಜೋಡಿಸಿ ಕೊಡ್ತೀನಿ ಅಂತಾನ. ನೀವೇನ್ ಹಾಕ್ತೀರಿ?”

“ಗಾಡಿ ನನ್ನ ಕಡಿ ಬಿಡಬ್ಯಾಡವ್ವ ತಂಗಿ. ಏರಿ ಕುಸೀಲಿಲ್ಲ. ನನ್ನ ಅಳತಿ ತಪ್ಪಿತ್ತು.”

“ಗೊತ್ತೈತಿ. ಶಾಫ್ಟ್ ನಾನೂ ನೋಡೀನಿ. ನೀವಾಗೇ ಬಂದು ಹೇಳ್ತೀರೇನಂತ ಮೂರು ವರ್ಷ ದಾರಿ ನೋಡಿದೆ.”

“ಮತ್ತ ಇಲ್ಲಿಗ್ಯಾಕ ತಂದಿ?”

“ಆ ಓಣ್ಯಾಗಿನಂವಗ ಅಂಜಿಕಿ ಇಲ್ಲ. ನಿಮಗ ಐತಿ.”

ಸರದಾರಸಾಬ ಜೀಪಿನ ಚಾಸಿಗೆ ಜಾಕ್ ಕೊಟ್ಟು, ಹಿಂದಿನ ಚಕ್ರಗಳು ಪೂರಾ ಜೋತುಬೀಳುವ ತನಕ ಎತ್ತಿದರು. ಟೇಪಿನ ಒಂದು ತುದಿ ದಾನೇಶ್ವರಿ ಹಿಡಿದರು. ಸರದಾರಸಾಬ ಮೂರು ಸಲ ಅಳೆದರು. ಹೆಚ್ಚು ಜಾರುವ ಉದ್ದನೆಯ ಶಾಫ್ಟು, ಗೇರ್‌ಬಾಕ್ಸಿನ ಕಡೆಗೆ ಶಾಫ್ಟು ಓರೆಯಾದರೂ ಸರಾಗ ತಿರುಗಿಸುವ ಜೋಡಿ ಕ್ರಾಸು, ಉದ್ದನೆಯ ಶಾಕ್ ಅಬ್ಸಾರ್ಬರು, ಚಕ್ರ ಅತಿಯಾಗಿ ಇಳಿಯದಂತೆ ತಡೆಯಲು ಗಟ್ಟಿ ಪಟ್ಟಿ: ಇಷ್ಟನ್ನು ಆರಿಸಿದರು.

ಕೆಲಸ ಮುಗಿದ ದಿನ ದಾನೇಶ್ವರಿ, “ಬಾಜೂಕ ಕುಂದರ್ರಿ,” ಎಂದು ತಾವೇ ಸ್ಟೇರಿಂಗ್ ಹಿಡಿದರು. ಕಾಲುವೆ ಏರಿಯ ಅರ್ಧಕ್ಕೆ ಜೀಪು ನಿಲ್ಲಿಸಿದರು.

“ಇಲ್ಲೇ ಗಾಡಿ ಜಾರಿದ್ದು.”

ಕೆಳಗೆ ನೀರು ತುಂಬಿ ಹರಿಯುತ್ತಿತ್ತು. ಸರದಾರಸಾಬರಿಗೆ ಇಳಿದುಬಿಡಬೇಕೆನಿಸಿತು, ಇಳಿಯಲಿಲ್ಲ. ದಾನೇಶ್ವರಿ ಮೊದಲನೇ ಗೇರ್ ಹಾಕಿದರು.