ಬಲಗಾಲಿನ ಚೌಕ

ಬೆಳಗಿನ ಐದೂವರೆ. ಪಾದರಕ್ಷೆ ಗೋದಾಮಿನ ಹಿಂದಿನ ಕೋಣೆಯಲ್ಲಿ ಚೌಕದಕ್ಕ ತಾವು ಕೆಲಸ ಮಾಡುವ ಆನ್‌ಲೈನ್ ಅಂಗಡಿಯಿಂದಲೇ ಶೂ ಕೊಳ್ಳುತ್ತಿದ್ದಾರೆ. ಹೆಸರು, ವಿಳಾಸ ತುಂಬಿ ಕೊನೆಯ ಗುಂಡಿ ಒತ್ತುತ್ತಾರೆ, ಕೂಡಲೇ ರದ್ದು ಮಾಡುತ್ತಾರೆ. ಗಿರಾಕಿಗಳು ಏಳುವುದರೊಳಗೆ ಇಂಥ ನಲವತ್ತು ಸುಳ್ಳು ಖರೀದಿ ಮುಗಿಯಬೇಕು.

"ಗಿರಾಕಿ ಎಡವೋಕೆ ಮೊದ್ಲು ನಾನು ಎಡವ್ಬೇಕು. ಅದಕ್ಕೇ ನಂಗೆ ಸಂಬಳ" ಎನ್ನುತ್ತಾರೆ.

ಎರಡು ಪಾದಗಳ ಅಳತೆ ಬೇರೆಯಾದವರಿಗೆ ಬೇರೆ ಬೇರೆ ಅಳತೆಯ ಶೂ ಜೋಡಿಸಿ ಕೊಡುವುದು ಈ ಅಂಗಡಿಯ ಹೆಚ್ಚುಗಾರಿಕೆ. ಒಂದೊಂದು ಕಾಲಿನ ಅಳತೆ ಕೇಳುವ ಖಾಲಿ ಚೌಕಗಳು ಆರ್ಡರ್ ಪುಟದಲ್ಲಿ ತಾವಾಗಿಯೇ ಹುಟ್ಟುವುದಿಲ್ಲ, ಈಕೆ ಕೂರಿಸಬೇಕು; ಅದಕ್ಕೇ ಎಲ್ಲರ ಬಾಯಲ್ಲಿ ಚೌಕದಕ್ಕ. ಹನ್ನೊಂದು ವರ್ಷ ಇಲ್ಲೇ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದವರು, ನಾದಿನಿಯ ಹಳೆ ಕಂಪ್ಯೂಟರಿನಲ್ಲಿ ಈ ವಿದ್ಯೆ ಕಲಿತರು. "ಒಂದಕ್ಷರ ತಪ್ಪಿದ್ರೆ ಇಡೀ ಪುಟ ಬೆಳ್ಳಗಾಗೋದು. ನಾದಿನಿ ನಗ್ತಿದ್ಲು, ನಾನು ಬೆವರ್ತಿದ್ದೆ."

ಈಗ ಬೆವರು ಮಾಲೀಕರದು. ಚೌಕಗಳು ಹೆಚ್ಚಾದ್ದರಿಂದ ಜನ ಖರೀದಿ ಅರ್ಧಕ್ಕೇ ಬಿಟ್ಟು ಹೋಗುತ್ತಾರೆಂಬುದು ಅವರ ತಕರಾರು. ಕಾಲಿನ ಚೌಕಗಳನ್ನು ಕಿತ್ತುಹಾಕುವ ಬಗ್ಗೆ ಇಂದು ಹತ್ತು ಗಂಟೆಗೆ ತೀರ್ಮಾನ.

ಚೌಕದಕ್ಕ ಕೈಕಟ್ಟಿ ಕೂತವರಲ್ಲ. ಯಾರು, ಎಲ್ಲಿ ನಿಂತರೆಂದು ಕಳೆದ ವಾರವೆಲ್ಲ ಹುಡುಕಿದ್ದಾರೆ. ಒಬ್ಬ ದರ್ಜಿ ಒಂಬತ್ತು ಸಲ ಬಂದು, ಒಂಬತ್ತು ಸಲವೂ ಬಲಗಾಲಿನ ಚೌಕದಲ್ಲೇ ನಿಂತು ಹಿಂದಿರುಗಿದ್ದ. ಅವನು ತುಂಬಿದ್ದ ನಂಬರಿಗೆ ಫೋನ್ ಮಾಡಿ ಕೇಳಿದರು.

"ಅಮ್ಮಾ, ನಂಗೆ ಬಲಗಾಲೇ ಇಲ್ಲ. ಅಲ್ಲೇನು ಬರೀಲಿ?"

ಆ ಚೌಕ ತುಂಬಲೇಬೇಕೆಂದು ಕೆಂಪು ಚುಕ್ಕಿ ಇಟ್ಟವರು ಚೌಕದಕ್ಕನೇ. "ತಪ್ಪು ಚೌಕದ್ದಲ್ಲ, ನಂದು. ಎಲ್ರಿಗೂ ಎರಡು ಕಾಲು ಅಂದ್ಕೊಂಬಿಟ್ಟಿದ್ದೆ" ಎನ್ನುವಾಗ ಅವರ ಮುಖದಲ್ಲಿ ನಾಚಿಕೆಯಿದೆ, ದನಿಯಲ್ಲಿ ಅಳುಕಿಲ್ಲ. ಚುಕ್ಕಿ ತೆಗೆದು, 'ಒಂದೇ ಶೂ ಸಾಕು' ಎಂಬ ಹೊಸ ಚೌಕ ಕೂರಿಸಿದ್ದಾರೆ. ಬೆಳಗಿನ ನಲವತ್ತು ಖರೀದಿಯೂ ಅದರ ಪರೀಕ್ಷೆಗೇ.

ಹತ್ತಕ್ಕೆ ಮಾಲೀಕರು ಬರುತ್ತಾರೆ. "ತೆಗಿ ಅಂದ್ರೆ ಇನ್ನೊಂದು ಸೇರ್ಸಿದ್ದೀಯಾ?" ಎಂದು ಹುಬ್ಬು ಗಂಟಿಕ್ಕುತ್ತಾರೆ. ಚೌಕದಕ್ಕ ನಡೆದದ್ದನ್ನು ಹೇಳಿ ಪರದೆ ತಿರುಗಿಸುತ್ತಾರೆ. ದರ್ಜಿಯ ಆರ್ಡರ್ ಬಂದಿದೆ: ಎಡಗಾಲು, ಅಳತೆ ಎಂಟು.

ಮಾಲೀಕರು ಗೋದಾಮಿಗೆ ಹೋಗಿ ಒಂದು ಜೊತೆ ಬಿಚ್ಚುತ್ತಾರೆ. ಎಡಗಾಲಿನದು ಪಾರ್ಸೆಲ್ಲಿಗೆ. ಬಲಗಾಲಿನದನ್ನು ತಂದು ಚೌಕದಕ್ಕನ ಮೇಜಿನ ಮೇಲಿಡುತ್ತಾರೆ.

"ಇದಕ್ಕೂ ಗಿರಾಕಿ ಸಿಗೋವರೆಗೂ ಚೌಕ ಇರ್ಲಿ."

ಅವರು ಹೋದ ಮೇಲೆ ಚೌಕದಕ್ಕ ಆ ಶೂವಿನ ಧೂಳು ಸೆರಗಿನಿಂದ ಒರೆಸುತ್ತಾರೆ. "ಇದನ್ನ ಹಾಕ್ಕೊಳ್ಳೋ ಕಾಲು ಎಲ್ಲೋ ಇದ್ದೇ ಇದೆ. ಬರ್ಲಿ. ಈ ಸಲ ಬಾಗ್ಲಲ್ಲಿ ನಿಲ್ಸಲ್ಲ."