ಮರಗಮ್ಮನ ಫ್ಲೋ

ಮರಗಮ್ಮನಿಗೆ ಗೊತ್ತಿದ್ದ ಇಂಗ್ಲಿಷ್ ಶಬ್ದ ಒಂದೇ ಒಂದು: ಫ್ಲೋ. ಅದನ್ನು ಆಕೆ ದುಡಿಸಿಕೊಂಡ ಹಾಗೆ ಯಾವ ಇಂಗ್ಲಿಷ್ ಮೇಷ್ಟರೂ ದುಡಿಸಿಕೊಂಡಿರಲಿಕ್ಕಿಲ್ಲ. ನಲ್ಲಿಯಲ್ಲಿ ನೀರು ಜೋರಾಗಿ ಬಂದರೆ ಫ್ಲೋ, ಠಾಣೆ ರೈಲು ಸ್ಟೇಷನ್ನಿನ ಸೇತುವೆ ಮೇಲೆ ಜನ ನುಗ್ಗಿದರೂ ಫ್ಲೋ. ಜಗಳದಲ್ಲಿ ಬೈಗುಳ ತಡೆಯಿಲ್ಲದೆ ಬಂದರೆ ಅದೂ ಫ್ಲೋ. ನನ್ನ ಕೆಟಲಿನಿಂದ ಚಹಾ ಸಣ್ಣಗೆ ಬಿದ್ದರೆ, ನನ್ನ ಕೈಯಲ್ಲಿ ಫ್ಲೋ ಇಲ್ಲವೆಂದು ಎಲ್ಲರೆದುರು ಮರ್ಯಾದೆ ತೆಗೆಯುತ್ತಿದ್ದಳು. ಮುಂಬಯಿ ಪಕ್ಕದ ಐರೋಲಿಯಲ್ಲಿ ಬಿಲ್ಡಿಂಗುಗಳು ಏಳುತ್ತಿದ್ದ ತೊಂಬತ್ತರ ದಶಕದ ಮಾತಿದು. ಒಂದು ಸೈಟಿನ ಬಾಗಿಲಲ್ಲೇ ನನ್ನ ಕ್ಯಾಂಟೀನಿತ್ತು. ಆಕೆ ಆ ಸೈಟಿನಲ್ಲೇ ಕೂಲಿ. ನಾನು ಉಡುಪಿ ಕಡೆಯವ, ಆಕೆ ಗುಲ್ಬರ್ಗದ ಕಡೆಯವಳು. ಗಂಡ ಭಿವಂಡಿಯ ಗೋದಾಮಿನಲ್ಲಿ ಹಮಾಲಿ.

ಸ್ಲ್ಯಾಬ್ ಹಾಕುವ ದಿನ ಕೆಳಗಿನ ಮಿಕ್ಸರಿನಿಂದ ಮೇಲಿನ ಮಹಡಿಯವರೆಗೆ ಜನ ಸಾಲಾಗಿ ನಿಂತು ಕಾಂಕ್ರೀಟಿನ ಘಮೇಲಾಗಳನ್ನು, ಅಂದರೆ ಕಬ್ಬಿಣದ ಬಾಣಲೆಗಳನ್ನು, ಕೈಯಿಂದ ಕೈಗೆ ದಾಟಿಸಬೇಕು. ಕೆಲಸ ನಡುವೆ ನಿಂತರೆ ಕೆಟ್ಟಿತು. ಹಾಕಿದ್ದು ಗಟ್ಟಿಯಾಗಿ, ಹೊಸದು ಅದಕ್ಕೆ ಬೆಸೆಯದೆ, ಮಳೆಗಾಲದಲ್ಲಿ ಅಲ್ಲೇ ಸೋರುತ್ತದೆ. ಅದಕ್ಕೇ ಎಂಜಿನಿಯರ್ ಲಕ್ಷ್ಮೀಕಾಂತರು ದಿನವಿಡೀ ಫ್ಲೋ, ಫ್ಲೋ ಎಂದು ಬಡಿದುಕೊಳ್ಳುತ್ತಿದ್ದರು. ಆಕೆ ಶಬ್ದ ಕಲಿತದ್ದು ಅವರಿಂದಲೇ. ಸಾಲಿಗೆ ತಾಳ ಕೊಡುವವನು ಕೂಲಿಗಳ ಮೇಸ್ತ್ರಿ, ಮುಕಾದಮ ಸೈದಪ್ಪ. ಅವನು ಕೂಗಿದ ಹಾಗೆ ಕೈಗಳು ಏಳಬೇಕು.

ಒಂದು ಸಲ ಸ್ಲ್ಯಾಬಿಗೆ ಸರಿಯಾಗಿ ಸೈದಪ್ಪ ಜ್ವರ ಬಂದು ಮಲಗಿದ. ಎಷ್ಟೋ ದಿನಗಳ ಆಸೆ ಮರಗಮ್ಮನದು. ಮುಂದೆ ಬಂದು, ತಾನು ಹಾಡಿ ಸಾಲು ನಡೆಸುತ್ತೇನೆ ಎಂದಳು. ಗಂಡಸರು ನಕ್ಕರು. ಲಕ್ಷ್ಮೀಕಾಂತರು ಒಪ್ಪಿದರು, ಆದರೆ ಕೆಲಸ ನಿಂತರೆ ಮತ್ತೆಂದೂ ಈ ಮಾತು ಎತ್ತಬಾರದು ಎಂದರು.

ತೆಂಗಿನಕಾಯಿ ಒಡೆದಾಯಿತು. ಮರಗಮ್ಮ ಅತ್ತೆ ಕಲಿಸಿದ ಬೀಸುವ ಪದ ಎತ್ತಿಕೊಂಡಳು. ಎಂಥ ಕಂಠ! ನಾನು ಚಹಾ ಸೋಸುವುದನ್ನೇ ಬಿಟ್ಟು ನಿಂತೆ. ಆದರೆ ಅದು ಬೀಸುಕಲ್ಲಿನ ಮುಂದೆ ಹುಟ್ಟಿದ ಪದ, ಭಾರದ ಕಲ್ಲು ತಿರುಗುವಷ್ಟೇ ಅದರ ಓಟ. ಕೈಗಳೂ ಹಾಗೇ ಹಿತವಾಗಿ ತೂಗತೊಡಗಿದವು. ಕೆಳಗೆ ಕಾಂಕ್ರೀಟು ಗುಡ್ಡೆಯಾಯಿತು, ಮೇಲಿನಿಂದ ಎಂಜಿನಿಯರರ ಬೈಗುಳ ಶುರುವಾಯಿತು. ಗಾಬರಿಯಾಗಿ ಆಕೆ ಹಾಡು ನಿಲ್ಲಿಸಿದಳು. ತಾಳ ತಪ್ಪಿ ಒಂದು ಘಮೇಲಾ ಜಾರಿ ಬಿತ್ತು.

ಬಿರುಸಿನ ಪದ ಆಕೆಗೆ ಗೊತ್ತಿದ್ದದ್ದು ಮೊಹರಮ್ಮಿನ ಅಲಾಯಿ ಕುಣಿತದ್ದು ಮಾತ್ರ. ಅವರ ಊರಲ್ಲಿ ಅದನ್ನು ಗಂಡಸರೇ ಹಾಡಬೇಕು, ಹೆಂಗಸರು ದೂರ ನಿಂತು ಕೇಳಬೇಕು. ಇಲ್ಲಿ ನೋಡಿದರೆ ಸಾಲಿನ ತಲೆಯಲ್ಲೇ ಗಂಡನ ಅಣ್ಣ ಯಂಕಪ್ಪ ನಿಂತಿದ್ದಾನೆ. ಅವನೆದುರು ಆಕೆ ತಲೆಯ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ. ಇಬ್ಬರೂ ನೇರ ಮಾತಾಡುವ ಪದ್ಧತಿಯೇ ಇರಲಿಲ್ಲ.

ಮರಗಮ್ಮ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಲಾಯಿ ಪದ ಹಾಡಿಯೇಬಿಟ್ಟಳು.

ಸೊಲ್ಲು ಸೇರಿಸುವವರಿಲ್ಲ. ಎಲ್ಲರ ಕಣ್ಣೂ ಯಂಕಪ್ಪನ ಮೇಲೆ, ಅವನ ಮುಖ ಗಂಟು. ಆಕೆ ಇನ್ನೂ ಗಟ್ಟಿಯಾಗಿ, ಒಬ್ಬಳೇ ಹಾಡಿದಳು. ಊರ ಕುಣಿತದಲ್ಲಿ ಮುಂದಾಳು ಈ ಯಂಕಪ್ಪನೇ ಅಂತೆ. ಅಷ್ಟು ಹೊತ್ತು ಸುಮ್ಮನಿದ್ದ ಅವನ ಕಾಲು ತಾನಾಗಿ ಒಂದು ಹೆಜ್ಜೆ ಹಾಕಿತು! ಹಿಂದೆಯೇ ಬಾಯಿಯೂ ತೆರೆಯಿತು. ಆಮೇಲೆ ನೋಡಬೇಕಿತ್ತು ಅಲ್ಲಿಯ ಅಬ್ಬರ. ಸಾಲಿಗೆ ಸಾಲೇ ಸೊಲ್ಲು ಹಿಡಿಯಿತು, ಘಮೇಲಾಗಳು ಹಾರುತ್ತ ಮೇಲೇರಿದವು, ಮಿಕ್ಸರಿನವನೇ ಸ್ವಲ್ಪ ತಡೆಯಿರೆಂದು ಕೈಮುಗಿದ. ಬೆಳಕಿರುವಾಗಲೇ ಸ್ಲ್ಯಾಬ್ ಮುಗಿಯಿತು. ಸಂತೋಷಕ್ಕೆ ನಾನು ಎಲ್ಲರಿಗೂ ಚಹಾ ಕುಡಿಸಿದೆ.

ಮುಂದಿನ ಸ್ಲ್ಯಾಬಿಗೆ ಸೈದಪ್ಪ ಗುಣವಾಗಿ ಬಂದ. ಮರಗಮ್ಮ ಯಾರೂ ಹೇಳದೆಯೇ ಸಾಲಿನ ಕೊನೆಗೆ ಹೋಗಿ ನಿಂತಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎಂಜಿನಿಯರರು ಅದನ್ನು ನೋಡಿಯೂ ಮೇಲೆ ಹತ್ತಿ ಹೋದರು. ಸೈದಪ್ಪ ಕೂಗು ಹಾಕಿದ. ಮೊದಲ ಘಮೇಲಾ ಯಂಕಪ್ಪನ ಕಾಲ ಬಳಿ ಇತ್ತು. ಅವನು ಎತ್ತಲಿಲ್ಲ. ಸೈದಪ್ಪ ಮತ್ತೆ ಕೂಗಿದ. ಯಂಕಪ್ಪ ತಮ್ಮನ ಹೆಂಡತಿಯ ಕಡೆ ತಿರುಗಿಯೂ ನೋಡದೆ, ಸೈದಪ್ಪನಿಗೇ ಹೇಳಿದ:

"ಆಕಿಗಿ ಹಾಡಂತ ಹೇಳು. ಆಮ್ಯಾಲ ಎತ್ತತೀನಿ."