ಹತ್ತು ಸೇರು ಜೋಳದ ಪ್ರಶ್ನೆ

ಇದೆಲ್ಲ ಹೀಗೇ ನಡೆಯಿತೆಂದು ಆಣೆ ಮಾಡಿ ಹೇಳಲಾರೆ. ಅಪ್ಪನಿಗೆ ಗಲಿಬಿಲಿ ಶುರುವಾದದ್ದು ಆಪರೇಷನ್ನಿನ ಮರುದಿನವೋ, ಇನ್ನೂ ತಡವಾಗಿಯೋ? ಅವ್ವ ಒಂದು ಹೇಳುತ್ತಾಳೆ, ನಾನೊಂದು. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಪುರಾವೆಯಿಲ್ಲದ್ದನ್ನು ನಂಬದ ಚಟ ಹತ್ತಿತು. ಈಗ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಆದರೂ ನನ್ನ ನೆನಪನ್ನೇ ನಂಬಲಾಗುತ್ತಿಲ್ಲ.

ಅಪ್ಪ ಮಾನ್ವಿಯ ಸಂತೆಯಲ್ಲಿ ಧಾನ್ಯ ಅಳೆಯುತ್ತಿದ್ದವರು. ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ರಾಯಚೂರಿಗೆ ಕರೆತಂದು ಆಪರೇಷನ್ ಮಾಡಿಸಿದೆವು. ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ, ಒಂದು ಮಧ್ಯಾಹ್ನ ನರ್ಸ್ ಮೇಲೆ ರೇಗಿದರು.

"ಅಳಿಯಾ ಬಂದು ಎಷ್ಟೊತ್ತಾತು! ಹೋಳಿಗಿ ಎಲ್ಲಿ?"

ವಾರ್ಡನ್ನು ಅವರು ದೇವದುರ್ಗದ ಮಾವನ ಮನೆ ಎಂದುಕೊಂಡಿದ್ದರು. ಅವ್ವನ ತವರು ಅದು. ಅವ್ವ ನಕ್ಕಳು. "ಲಗ್ನಾದಾಗೂ ನಿಮ್ಮಪ್ಪ ಹಿಂಗೇ ಒದರ್ತಿದ್ದ ನೋಡು." ನಾನೂ ನಕ್ಕೆ. ಅಪ್ಪ ನನ್ನತ್ತ ತಿರುಗಿ, "ಇಂವಾ ಯಾರು?" ಎಂದರು.

ನಮ್ಮ ನಗು ಅಲ್ಲಿಗೇ ನಿಂತಿತು.

ಕಾಕಾ ಬಂದು ನೋಡಿ ತೀರ್ಪು ಕೊಟ್ಟ. "ಅರಳು ಮರಳು. ಮನಿಗೆ ಒಯ್ಯೂಣು ನಡೀ."

ತಡೆದವರು ಮೈಸೂರು ಕಡೆಯ ಯುವ ಡಾಕ್ಟರಮ್ಮ. "ಇದು ಡೆಲಿರಿಯಂ, ಅಂದ್ರೆ ಕಾಯಿಲೆಯಿಂದ ಬರುವ ತಾತ್ಕಾಲಿಕ ಗಲಿಬಿಲಿ ಇರಬಹುದು. ಕಾರಣ ಸಿಕ್ಕಿದರೆ ಇಳಿಯುತ್ತೆ." ವಯಸ್ಸಾದವರಲ್ಲಿ ಇದನ್ನು ಬೇಗ ಗುರುತಿಸಲು ಇಂಗ್ಲಿಷಿನ ಕೆಲವು ಪ್ರಶ್ನೆಗಳನ್ನು ಅವರು ಕನ್ನಡಕ್ಕೆ ತಂದಿದ್ದರು. ಆ ಕನ್ನಡ ಪ್ರಶ್ನೆಗಳು ನಂಬಿಕೆಗೆ ಅರ್ಹವೇ ಎಂದು ನೋಡಬೇಕಿತ್ತು. ಅದಕ್ಕೆ ಇವರು ಪ್ರಶ್ನೆ ಕೇಳುವುದು, ಹಿರಿಯ ಡಾಕ್ಟರು ಬೇರೆಯಾಗಿ ಪರೀಕ್ಷಿಸುವುದು, ಕೊನೆಗೆ ಎರಡನ್ನೂ ತಾಳೆ ನೋಡುವುದು. ನನಗೆ ಆ ಕ್ರಮ ಹಿಡಿಸಿತು. ಅಪ್ಪನ ವಿಷಯದಲ್ಲಿ ಇಬ್ಬರೂ ಡೆಲಿರಿಯಂ ಎಂದರು. ಹುಡುಕಿದಾಗ ಸಿಕ್ಕಿದ್ದು ಯೂರಿನ್ ಇನ್‌ಫೆಕ್ಷನ್. ಔಷಧಿ ನಡೆಯಿತು. ಒಂದು ಬೆಳಿಗ್ಗೆ ಅಪ್ಪ ಕಣ್ಣು ಬಿಟ್ಟು, "ಲೇ, ಕಾಲೇಜಿಗೆ ಹೋಗೂದಿಲ್ಲೇನು? ಪುಕ್ಕಟೆ ಪಗಾರ ತಗೊಳಾಕತ್ತೀ ಏನು?" ಎಂದರು.

ಬೈಗುಳ ಅಷ್ಟು ಹಿತವಾಗಿ ಎಂದೂ ಕೇಳಿಸಿರಲಿಲ್ಲ.

ಹಿರಿಯ ಡಾಕ್ಟರು, ಈಗ ಸರಿಯಿದ್ದಾರೆ, ಮನೆಗೆ ಹೋಗಬಹುದು ಎಂದರು. ಅಪ್ಪ ಆಗಲೇ ರುಮಾಲು ಸುತ್ತಿಕೊಂಡರು. ಡಾಕ್ಟರಮ್ಮನ ಪ್ರಶ್ನೆ ಇನ್ನೊಂದು ಸಲ ಆಗಬೇಕಿತ್ತು.

"ಹತ್ತು ಸೇರು ಜೋಳ ಅಳೆದಿದ್ದೀರಿ ಅಂದ್ಕೊಳ್ಳಿ ಅಜ್ಜಾ. ಹತ್ತರಿಂದ ಹಿಂದಕ್ಕೆ ಎಣಿಸಿ."

ಇಂಗ್ಲಿಷಿನಲ್ಲಿ ಇದ್ದದ್ದು ಬರೀ ಅಂಕಿ. ಹಳ್ಳಿಯವರಿಗೆ ಹತ್ತಿರವಾಗಲೆಂದು ಜೋಳ ಸೇರಿಸಿದವರು ಡಾಕ್ಟರಮ್ಮನೇ.

ಅಪ್ಪ ಸರಸರ ಇಳಿದರು. "...ನಾಕು, ಮೂರು, ಎರಡು, ಲಾಭ."

"ಎರಡಾದ ಮೇಲೆ ಏನು ಅಜ್ಜಾ?"

"ಲಾಭ."

"ಸ್ವಲ್ಪ ಯೋಚನೆ ಮಾಡಿ."

"ಎಷ್ಟು ಸಲಾ ಕೇಳಿದ್ರೂ ಲಾಭಾನ ರೀ. ನಷ್ಟಾ ಅನ್ಲೇನು?"

ತಪ್ಪು ಉತ್ತರ ಎಂದು ಗುರುತಾಯಿತು. ಡೆಲಿರಿಯಂ ಇನ್ನೂ ಇಳಿದಿಲ್ಲವೇನೋ, ಇನ್ನಷ್ಟು ದಿನ ಇಟ್ಟುಕೊಂಡು ನೋಡೋಣ ಎಂದರು ಡಾಕ್ಟರಮ್ಮ. ಅವ್ವನ ಮುಖ ಸಣ್ಣಗಾಯಿತು.

"ಮೊದಲಿಂದಲೂ ಹೀಗೇ ಎಣಿಸ್ತಿದ್ರಾ?" ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು. ಹೌದು ಎನ್ನಿಸಿತು. ಚಿಕ್ಕಂದಿನಲ್ಲಿ ಕೇಳಿದ ಹಾಗಿತ್ತು. ಆದರೆ ಅದು ನಿಜವಾದ ನೆನಪೋ, ಅಪ್ಪನನ್ನು ಮನೆಗೆ ಒಯ್ಯುವ ಆಸೆಯಲ್ಲಿ ಆಗಷ್ಟೇ ಹುಟ್ಟಿದ್ದೋ?

"ಗೊತ್ತಿಲ್ಲ" ಎಂದುಬಿಟ್ಟೆ.

ಅಪ್ಪ ನನ್ನನ್ನು ದುರುಗುಟ್ಟಿ ನೋಡಿದರು. "ಡಾಕ್ಟರಮ್ಮ, ಮೊದ್ಲು ಇವನ್ನ ಪರೀಕ್ಷಾ ಮಾಡ್ರಿ."

ಕಾಯಿಲೆ ಇಲ್ಲದವರನ್ನೂ ಒಮ್ಮೆ ಕೇಳಿ ನೋಡಿ ಎಂದೆ. ಪಕ್ಕದ ಹಾಸಿಗೆಯ ಬಳಿ ಗಿಲ್ಲೆಸುಗೂರಿನ ರೈತರೊಬ್ಬರು ಹೆಂಡತಿಗೆ ಗಂಜಿ ಕುಡಿಸುತ್ತಿದ್ದರು. ಡಾಕ್ಟರಮ್ಮ ಅವರಿಗೂ ಹತ್ತು ಸೇರು ಜೋಳ ಕೊಟ್ಟರು.

"...ಮೂರು, ಎರಡು, ಲಾಭ. ಯಾಕ್ರೀ, ನನಗೂ ಏನರ ಆಗೇದೇನು?"

ವಾರ್ಡಿಗೆ ವಾರ್ಡೇ ನಕ್ಕಿತು. ತಪ್ಪೆಂದದ್ದು "ಲಾಭ"ವನ್ನೇ ಎಂದು ಆಗಷ್ಟೇ ತಿಳಿದ ಅವ್ವ ಬಿಡಿಸಿ ಹೇಳಿದಳು: "ಕಾಳು ಅಳಿಯೂ ಮುಂದ ಒಂದು ಅಂತ ಯಾರ್ ಅಂತಾರವ್ವಾ? ಲಾಭ ಅಂತ ಸುರು ಮಾಡಿದ್ರ ರಾಶಿ ಹೆಚ್ಚತದ."

ಡಾಕ್ಟರಮ್ಮ ಜೋಳ ಬಿಟ್ಟು ಬರೀ ಅಂಕಿ ಕೇಳಿದರು. ಅಪ್ಪ ಒಂದರವರೆಗೆ ಇಳಿದು, "ಸಮಾಧಾನಾತೇನು?" ಎಂದರು. ಮರುದಿನ ಮಾನ್ವಿ ಬಸ್ಸು ಹತ್ತಿದೆವು.

ಈಗ ಅಪ್ಪ ಕೋಲೂರಿ ಕಟ್ಟೆಯವರೆಗೆ ನಡೆಯುತ್ತಾರೆ. ಎಂದಾದರೊಮ್ಮೆ ಮಾತು ತಪ್ಪಿದರೆ ಹತ್ತರಿಂದ ಹಿಂದಕ್ಕೆ ಎಣಿಸಲು ಹೇಳುತ್ತೇನೆ. ಆ ಗಲಿಬಿಲಿ ಮತ್ತೆ ಬರುವುದಿಲ್ಲವೆಂದು ಯಾರೂ ಹೇಳಿಲ್ಲ. ಇವತ್ತು ಚೆನ್ನಾಗಿದ್ದಾರೆ, ಅಷ್ಟು ಸಾಕು.

ಗಿಲ್ಲೆಸುಗೂರಿನ ಒಬ್ಬರ ಮಾತು ಪುರಾವೆಯಾಗದು. ಕಿಲೋ ಬಂದರೂ ನಮ್ಮ ಸಂತೆಯಲ್ಲಿ ಸೇರು ಹೋಗಿಲ್ಲ. ಮೊನ್ನೆ ರಾಶಿಯಿಂದ ರಾಶಿಗೆ ಹೋಗಿ, ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಮೊದಲ ಸೇರಿಗೆ "ಒಂದು" ಎಂದವರು ಒಬ್ಬರೂ ಇರಲಿಲ್ಲ.